ಐದಕ್ಷರಕ್ಕೆ ಐದು ಬಂಡಿ

ಮೊದಲೆಲ್ಲ ಊರು ಕಟ್ಟುವವರು ಬಾವಿ ತೋಡಿಸುತ್ತಿದ್ದರು, ಅಗಸಿ ನಿಲ್ಲಿಸುತ್ತಿದ್ದರು, ಅಗಸಿಯ ಮಗ್ಗುಲಿಗೊಬ್ಬ ಹನುಮಪ್ಪನನ್ನು ಕೂಡಿಸುತ್ತಿದ್ದರು. ಈಗ ಕೆಲಸ ಸಲೀಸು. ‘ಐ’ ಅಂತ ಒಂದು ಕಂಬ, ಅದರ ಪಕ್ಕ ಕೆಂಪು ಹೃದಯ, ಅದರ ಪಕ್ಕ ಊರ ಹೆಸರು. ರಾತ್ರಿ ದೀಪ ಹತ್ತಿತೆಂದರೆ ಊರು ಬ್ರ್ಯಾಂಡ್ ಆದಂತೆ. ಕಲಬುರಗಿಯಲ್ಲಿ ಇನ್ನು ಮುಂದೆ ಇಂಥದ್ದೊಂದು ಫಲಕ ನಿಲ್ಲಿಸಬೇಕೆನ್ನುವವರಿಗಾಗಿ ಅದರ ಕ್ರಮವನ್ನು ಅಳತೆ ಸಮೇತ ಇಲ್ಲಿ ಕೊಡಲಾಗಿದೆ. ಅಂದಾಜು ಪಟ್ಟಿ ಬರೆಯುವ ಎಂಜಿನಿಯರರು ಧಾರಾಳವಾಗಿ ನಕಲು ಮಾಡಿಕೊಳ್ಳಬಹುದು. ಹೇಗಿದ್ದರೂ ಮೂಲವೇ ನಕಲು.

ಮೊದಲು ಜಾಗ. ಈ ಫಲಕ ಊರವರಿಗಲ್ಲ ಎಂಬುದನ್ನು ಯಾವಾಗಲೂ ನೆನಪಿಡಬೇಕು. ತಾನಿರುವುದು ಕಲಬುರಗಿಯಲ್ಲಿ ಎಂದು ಕನ್ನಿ ಮಾರ್ಕೆಟಿನಲ್ಲಿ ತಪ್ಪಲ ಪಲ್ಯ ಮಾರುವವಳಿಗೆ ಗೊತ್ತೇ ಇದೆ. ಗೊತ್ತಿಲ್ಲದವನು ಹೂಡಿಕೆದಾರ. ಸರಡಗಿ ಹತ್ತಿರದ ವಿಮಾನ ನಿಲ್ದಾಣ 2019ರ ನವೆಂಬರಿನಲ್ಲಿ ಉದ್ಘಾಟನೆಯಾಗಿದೆ. ವಿಮಾನವಿದ್ದ ದಿನ ಅವನು ಅಲ್ಲಿ ಇಳಿದು, ಸೇಡಂ ರಸ್ತೆಯಲ್ಲಿ ಕಾರಿನ ಗಾಜು ಏರಿಸಿಕೊಂಡು ಬರುತ್ತಾನೆ. ಗಾಜಿನ ಆಚೆಯಿಂದ ಓದಲು ಬರುವಂತೆ ಫಲಕವಿರಬೇಕು.

ಜನ ಎಲ್ಲಿ ಸೇರುತ್ತಾರೆಂದು ತಿಳಿಯಲು ಸಲಹಾ ಕಂಪನಿಗೆ ದುಡ್ಡು ಸುರಿಯಬೇಕಾಗಿಲ್ಲ. ಮಿರ್ಚಿ ಭಜಿ ಬಂಡಿ ಎಲ್ಲಿ ನಿಂತಿದೆ ನೋಡಿದರೆ ಸಾಕು. ಮಧ್ಯಾಹ್ನ ಎರಡರ ಮೇಲೆ ಬೇವಿನ ನೆರಳು ಯಾವ ಕಡೆ ಬೀಳುತ್ತದೆ, ಬಸ್ಸಿಳಿದವರು ಯಾವ ಮಗ್ಗುಲಿಗೆ ನಡೆಯುತ್ತಾರೆ, ಗಟಾರದ ವಾಸನೆ ಎಲ್ಲಿಗೆ ಮುಗಿಯುತ್ತದೆ, ಬೀದಿದೀಪದ ಬೆಳಕು ಕಡಾಯಿಯೊಳಗೆ ಬೀಳುತ್ತದೋ ಇಲ್ಲವೋ, ಇದನ್ನೆಲ್ಲ ಬಂಡಿಯವರು ವರ್ಷಗಟ್ಟಲೆ ಬಿಸಿಲಲ್ಲಿ ನಿಂತು ಕಂಡುಕೊಂಡಿರುತ್ತಾರೆ. ಆ ಜಾಗವೇ ಫಲಕಕ್ಕೂ ಪ್ರಶಸ್ತ. ಸರ್ವೆ ಮಾಡಿಕೊಟ್ಟವರನ್ನು ಎಬ್ಬಿಸಿದರೆ ಕಾಮಗಾರಿ ಶುರು.

ಇನ್ನು ಅಳತೆ. ತಳ್ಳುವ ಬಂಡಿಯೊಂದು ಹೆಚ್ಚುಕಡಿಮೆ ಆರು ಅಡಿ ಉದ್ದ, ಮೂರೂವರೆ ಅಡಿ ಅಗಲ. ಊರ ಹೆಸರು ಕನ್ನಡದಲ್ಲಿ ಐದಕ್ಷರ. ನಾಲ್ಕಡಿ ಎತ್ತರದ ಅಕ್ಷರ, ನಡುವೆ ಗಾಳಿಯಾಡಲು ಸಂದು, ಮೊದಲಿಗೊಂದು ಹೃದಯ ಎಲ್ಲ ಸೇರಿ 30 ಅಡಿ. ಅಕ್ಷರಕ್ಕೊಂದು ಬಂಡಿಯಂತೆ ಐದು ಬಂಡಿ ಎತ್ತಿದರೆ ಲೆಕ್ಕ ಸರಿಹೋಗುತ್ತದೆ. ಅಷ್ಟಕ್ಕೇ ಮುಗಿಯುವುದಿಲ್ಲ. 30 ಅಡಿ ಸಾಲು ಪೂರ್ತಿ ಫೋಟೋದಲ್ಲಿ ಬರಬೇಕಾದರೆ ಫೋನನ್ನು ಅಡ್ಡ ಹಿಡಿದರೂ 22 ಅಡಿ ಹಿಂದೆ ಸರಿಯಬೇಕು. ಆ 22 ಅಡಿಯೊಳಗೆ ಬುಟ್ಟಿ ಇಟ್ಟುಕೊಂಡು ಕೂತ ಹೂವಿನವಳು, ಬಾರೆಹಣ್ಣಿನವಳು, ಪೆಟ್ಟಿಗೆ ತೆರೆದು ಚಪ್ಪಲಿ ಹೊಲಿಯುವವನು, ಎಲ್ಲರೂ ಚೌಕಟ್ಟಿನೊಳಗೆ ಬರುತ್ತಾರೆ. ಚೌಕಟ್ಟಿನೊಳಗೆ ಬಂದವರು ಊರಿನೊಳಗೆ ಇರುವಂತಿಲ್ಲ.

ಇಲ್ಲೊಂದು ಕಾನೂನಿನ ತೊಡಕಿದೆ. ಬೀದಿಬದಿ ವ್ಯಾಪಾರಿಗಳ ಕಾಯ್ದೆ 2014ರಲ್ಲಿ ಬಂದಿದೆ. ಪಟ್ಟಣ ವ್ಯಾಪಾರ ಸಮಿತಿ ಇರಬೇಕು, ಅದರಲ್ಲಿ ಶೇ. 40ಕ್ಕೆ ಕಡಿಮೆಯಿಲ್ಲದಂತೆ ವ್ಯಾಪಾರಿಗಳ ಪ್ರತಿನಿಧಿಗಳಿರಬೇಕು, ಆ ಪ್ರತಿನಿಧಿಗಳಲ್ಲಿ ಮೂರನೇ ಒಂದು ಪಾಲು ಹೆಣ್ಣುಮಕ್ಕಳಾಗಬೇಕು. ಐದು ವರ್ಷಕ್ಕೊಮ್ಮೆಯಾದರೂ ಸಮೀಕ್ಷೆ ಆಗಬೇಕು, ಸಮೀಕ್ಷೆ ಮುಗಿಯುವ ತನಕ ಯಾರನ್ನೂ ಎಬ್ಬಿಸುವಂತಿಲ್ಲ. ಎಬ್ಬಿಸುವುದಾದರೂ 30 ದಿನದ ನೋಟಿಸು. ಸಾಮಾನು ಎತ್ತಿಕೊಂಡು ಹೋದರೆ ಸಹಿ ಹಾಕಿದ ಪಟ್ಟಿ ಕೊಡಬೇಕು. ಕೊಳೆಯುವ ಸರಕನ್ನು ಕೇಳಿದ ದಿನವೇ, ಉಳಿದದ್ದನ್ನು ಎರಡು ಕೆಲಸದ ದಿನದೊಳಗೆ, ಶುಲ್ಕ ಕಟ್ಟಿಸಿಕೊಂಡು ಬಿಟ್ಟುಕೊಡಬೇಕು. ಇಷ್ಟೆಲ್ಲ ಓದಿದರೆ ಯಾವ ಎಂಜಿನಿಯರನಿಗೂ ಎದೆ ಒಡೆಯುತ್ತದೆ. ಪರಿಹಾರ ಸರಳ. ಕಡತದಲ್ಲಿ ‘ತೆರವು’ ಎಂಬ ಪದ ಎಲ್ಲೂ ಬರಬಾರದು. ‘ಸೌಂದರ್ಯೀಕರಣ’ ಎಂದು ಬರೆಯಬೇಕು. ಸೌಂದರ್ಯಕ್ಕೆ 30 ದಿನ ಮುಂಚೆ ನೋಟಿಸು ಕೊಡಬೇಕೆಂದು ಕಾಯ್ದೆಯಲ್ಲಿ ಎಲ್ಲೂ ಹೇಳಿಲ್ಲ.

ಸ್ಥಳದಲ್ಲಿ ಮಾತು ಚುಟುಕಾಗಿರಬೇಕು.

“ಯವ್ವಾ, ಬುಟ್ಟಿ ಎತ್ತು. ಸಾಹೇಬರು ಬರ್ಲಕತ್ತಾರ.”

“ಎಲ್ಲಿಗಿ ಹೋಗ್ಲಿ ಯಪ್ಪಾ?”

“ಈಗ ಹಿಂದಕ್ಕ ಸರಿ, ಆಮ್ಯಾಲ ನೋಡಮು.”

ಈ ‘ನೋಡಮು’ ಎಂಬುದೇ ಪುನರ್ವಸತಿ. ಕಡತದಲ್ಲಿ ಇದಕ್ಕೆ ಬೇರೆ ಕಾಲಂ ಬೇಕಾಗುವುದಿಲ್ಲ.

ಬಂಡಿ ಎತ್ತುವಾಗ ಏನೇನು ಕೆಡುತ್ತದೆ ಎಂಬುದೂ ಗೊತ್ತಿರಲಿ. ನಾಲ್ಕು ಜನ ಎರಡು ಕಡೆ ಹಿಡಿದು ಟಿಪ್ಪರಿಗೆ ಎಸೆದರೆ ಮೊದಲು ಬಾಗುವುದು ಗಾಲಿಯ ಅಚ್ಚು. ಆಮೇಲೆ ತೂಕದ ಯಂತ್ರ. ಅದು 30 ಕೆಜಿಗೆ ಮಾಡಿದ್ದು. ಮೇಲೆ ಇನ್ನೊಂದು ಬಂಡಿ ಬಿದ್ದರೆ ಒಳಗಿನ ಭಾರ ಅಳೆಯುವ ಲೋಡ್‌ಸೆಲ್ ಶಾಶ್ವತವಾಗಿ ಬಾಗುತ್ತದೆ, ಆ ಮೇಲೆ ಖಾಲಿ ತಟ್ಟೆಯೂ ನೂರೈವತ್ತು ಗ್ರಾಂ ತೂಗುತ್ತದೆ. ದಂಡ ಕಟ್ಟಿ ಬಿಡಿಸಿಕೊಂಡು ಬಂದವನು ಅದೇ ಯಂತ್ರದಲ್ಲಿ ಟೊಮೆಟೊ ತೂಗಿದರೆ, ತೂಕದಲ್ಲಿ ಮೋಸವೆಂದು ಮತ್ತೊಂದು ಇಲಾಖೆ ಮತ್ತೊಂದು ದಂಡ ಹಾಕುತ್ತದೆ. ಇದರ ನಡುವೆ ಸಾಲದ ಕಂತು. ಪಿಎಂ ಸ್ವನಿಧಿ 2020ರಲ್ಲಿ ಶುರುವಾದಾಗ ಬೀದಿ ವ್ಯಾಪಾರಿಗೆ ಮೊದಲ ಸಲಕ್ಕೆ 10,000 ರೂಪಾಯಿ ಸಾಲ, ಅದಕ್ಕೆ ಗುರುತಿನ ಚೀಟಿಯೋ ಶಿಫಾರಸು ಪತ್ರವೋ ಪಾಲಿಕೆಯಿಂದಲೇ. ಒಂದು ಟೇಬಲ್ಲು ಬಂಡಿ ಕೊಳ್ಳಲು ಕಾಗದ ಕೊಡುತ್ತದೆ, ಪಕ್ಕದ ಟೇಬಲ್ಲು ಬಂಡಿ ಎತ್ತಲು ಟಿಪ್ಪರ್ ಕಳಿಸುತ್ತದೆ. ಕಂತನ್ನು ಎತ್ತಲು ಮಾತ್ರ ಯಾವ ಟೇಬಲ್ಲೂ ಬರುವುದಿಲ್ಲ.

ಜಾಗ ಖಾಲಿಯಾಯಿತಲ್ಲ, ಇನ್ನು ಅಡಿಪಾಯ. ಇಲ್ಲಿ ಹೊರಗಿನ ಗುತ್ತಿಗೆದಾರರು ತಪ್ಪದೆ ಎಡವುತ್ತಾರೆ. ನಮ್ಮದು ಎರೆ ಭೂಮಿ. ಮಳೆಗಾಲದಲ್ಲಿ ನೀರು ಕುಡಿದು ಉಬ್ಬುತ್ತದೆ, ಬೇಸಗೆಯಲ್ಲಿ ಕೈ ತೂರುವಷ್ಟು ಬಿರಿಯುತ್ತದೆ. ಎರೆಯನ್ನು ಪೂರ್ತಿ ತೆಗೆದು, ಗಟ್ಟಿ ಗರಸು ಸಿಗುವ ತನಕ ಅಗೆದು, ಗರಸನ್ನೇ ಪದರ ಪದರವಾಗಿ ತುಂಬಿ ನೀರು ಹೊಡೆದು ದಮ್ಮಸು ಮಾಡಿ, ಅದರ ಮೇಲೆ ಕಬ್ಬಿಣ ಕಟ್ಟಿದ ಕಾಂಕ್ರೀಟು ಹಾಕಬೇಕು. ಟೆಂಡರಿನಲ್ಲಿ ಒಂದೂವರೆ ಅಡಿ ಗುಂಡಿ, ನಾಲ್ಕಿಂಚು ಬೆಡ್ಡು, ನಾಲ್ಕು ಬೋಲ್ಟು. ಮೊದಲ ಮುಂಗಾರಿಗೆ ಬೆಡ್ಡು ಒಂದು ಮಗ್ಗುಲಿಗೆ ಏಳುತ್ತದೆ, ಬೇಸಗೆಗೆ ಇಳಿಯುತ್ತದೆ, ಮರುವರ್ಷ ‘ಬು’ ಮುಂದಕ್ಕೆ ವಾಲಿ ಬಂದವರಿಗೆಲ್ಲ ನಮಸ್ಕಾರ ಹಾಕುತ್ತಿರುತ್ತದೆ. ಇದೇ ಎರೆಯಲ್ಲಿ ತೊಗರಿ ತಾಯಿಬೇರನ್ನು ಆಳಕ್ಕೆ ಇಳಿಬಿಟ್ಟು ಮಳೆ ಕೈಕೊಟ್ಟರೂ ನಿಲ್ಲುತ್ತದೆ. ಅದನ್ನು ಬೆಳೆಯುವವನನ್ನು ಒಂದು ಮಾತು ಕೇಳಿದ್ದರೆ ಗುಂಡಿ ಎಷ್ಟು ಆಳವಿರಬೇಕೆಂದು ಪುಕ್ಕಟೆ ಹೇಳುತ್ತಿದ್ದ. ಆದರೆ ಅವನು ಭಾಗೀದಾರರ ಪಟ್ಟಿಯಲ್ಲಿಲ್ಲ. ಆ ಪಟ್ಟಿಯ ಸುದ್ದಿ ಮುಂದೆ ಬರುತ್ತದೆ.

ಅಕ್ಷರಗಳಿಗೆ ಬರೋಣ. ಮುಂದೆ 3 ಮಿಮೀ ಅಕ್ರಿಲಿಕ್ ಹಾಳೆ, ಸುತ್ತ ಸ್ಟೀಲಿನ ಅಂಚು, ಒಳಗೆ 12 ವೋಲ್ಟಿನ ಎಲ್‌ಇಡಿ ಮಾಡ್ಯೂಲು. ನಾಲ್ಕಡಿಯ ಒಂದಕ್ಷರಕ್ಕೆ 90 ಮಾಡ್ಯೂಲು ಹಿಡಿದರೆ ಐದಕ್ಷರಕ್ಕೆ 450, ಒಂದೊಂದಕ್ಕೆ 1.2 ವ್ಯಾಟ್‌ನಂತೆ ಒಟ್ಟು 540 ವ್ಯಾಟ್. ಪವರ್ ಸಪ್ಲೈಯನ್ನು ಅದರ ತಾಕತ್ತಿನ ಶೇ. 80ಕ್ಕಿಂತ ಹೆಚ್ಚು ದುಡಿಸಬಾರದು. ಅಂದರೆ 400 ವ್ಯಾಟಿನವು ಎರಡು ಬೇಕು. ಬಿಲ್ಲಿನಲ್ಲಿ ಎರಡು ಇರುತ್ತವೆ, ಪೆಟ್ಟಿಗೆಯಲ್ಲಿ ಒಂದು. ಉದ್ಘಾಟನೆಯ ಸಂಜೆ ಹೇಗೋ ಉರಿಯುತ್ತದೆ. ಮೇ ತಿಂಗಳಲ್ಲಿ ಊರೇ 43–44 ಡಿಗ್ರಿ ಇರುವಾಗ, ಗಾಳಿ ಕಿಂಡಿಯಿಲ್ಲದ ಕಬ್ಬಿಣದ ಪೆಟ್ಟಿಗೆಯೊಳಗೆ ಅದರ ಕೆಪಾಸಿಟರ್ ಉಬ್ಬಿ ಕೂತುಬಿಡುತ್ತದೆ.

ಮಳೆ ನೀರಿನದ್ದು ಇನ್ನೊಂದು ಕಥೆ. ಇಂಗ್ಲಿಷಿನ ‘ಎ’ಗೆ ಎರಡು ಕಾಲಿವೆ, ‘ಕೆ’ಗೂ ಇವೆ, ಕಾಲಗುಂಟ ನೀರು ಇಳಿದು ಎಲ್ಲಿ ತೂತು ಹಾಕಬೇಕೆಂದು ತಾನೇ ತೋರಿಸುತ್ತದೆ. ಕನ್ನಡದ ಅಕ್ಷರಗಳಿಗೆ ಹೊಟ್ಟೆಯಿದೆ. ‘ಲ’ದ ಬಳುಕಿನಲ್ಲಿ, ‘ಬ’ದ ತಳದಲ್ಲಿ ನೀರು ಕೆರೆ ಕಟ್ಟಿ ನಿಲ್ಲುತ್ತದೆ. ಪ್ರತಿ ಅಕ್ಷರದ ಅತ್ಯಂತ ತಗ್ಗಿನ ಜಾಗದಲ್ಲಿ ಆರು ಮಿಮೀ ತೂತು ಎರಡು ಇರಲೇಬೇಕು. ಯಾವುದು ತಗ್ಗು ಎಂದು ನೋಡಲು ಅಕ್ಷರ ಓದಲು ಬರಬೇಕು, ತೂತು ಕೊರೆಯುವುದು ಮಾತ್ರ ಬೇರೆ ರಾಜ್ಯದ ಕಾರ್ಖಾನೆಯಲ್ಲಿ. ಅವರು ತೂತನ್ನು ಮೇಲ್ಗಡೆ ಕೊರೆದು ಕಳಿಸಿದರೆ ಸಿಟ್ಟಾಗಬಾರದು. ತಲೆಕಟ್ಟನ್ನು ಕಾಲೆಂದು ತಿಳಿದಿರುತ್ತಾರೆ.

ಹೆಸರಿನ ವಿಷಯದಲ್ಲೂ ಎಚ್ಚರ ಬೇಕು. 2014ರ ನವೆಂಬರ್ 1ರಂದು ಗುಲ್ಬರ್ಗಾ ಕಲಬುರಗಿ ಆಯಿತು. ಆದರೆ ಕಲಬುರಗಿ ಎಂಬ ಐದಕ್ಷರಕ್ಕೆ ಕರೆಂಟು ಕೊಡುವುದು ಜೆಸ್ಕಾಂ, ಅದರ ‘ಜಿ’ ಇವತ್ತಿಗೂ ಗುಲ್ಬರ್ಗಾ. ಊರ ಹುಡುಗರು ಓದುವುದು ಗುಲ್ಬರ್ಗಾ ವಿಶ್ವವಿದ್ಯಾಲಯದಲ್ಲಿ. 2019ರಲ್ಲಿ ತೊಗರಿ ಬೇಳೆಗೆ ಭೌಗೋಳಿಕ ಗುರುತು, ಅಂದರೆ ಜಿಐ, ಸಿಕ್ಕಾಗಲೂ ಹೆಸರು ‘ಗುಲ್ಬರ್ಗಾ ತೊಗರಿ ಬೇಳೆ’. ಅದೇ ವರ್ಷ ಹೈದರಾಬಾದ್ ಕರ್ನಾಟಕ ಕಲ್ಯಾಣ ಕರ್ನಾಟಕವಾಯಿತು. ಹೆಸರಲ್ಲೇ ಕಲ್ಯಾಣವಾದ ಮೇಲೆ ಬೇರೆ ಕಡೆ ಆಗದಿದ್ದರೂ ನಡೆಯುತ್ತದೆ ಎನ್ನುವವರಿದ್ದಾರೆ. ರಾತ್ರಿ ಪುಣೆಗೂ ಬೆಂಗಳೂರಿಗೂ ಹೊರಡುವ ಬಸ್ಸಿನಲ್ಲಿ ಬುತ್ತಿ ಗಂಟು ಹಿಡಿದು ಕೂತ ತಾಂಡಾದವರನ್ನು ಅವರು ಇನ್ನೂ ಕೇಳಿದಂತಿಲ್ಲ.

ಇದರ ಮೇಲೆ ಫಲಕದಲ್ಲಿ ಶೇ. 60 ಕನ್ನಡವಿರಬೇಕು, ಅದೂ ಮೇಲ್ಭಾಗದಲ್ಲಿ ಎಂಬ ನಿಯಮ 2024ರ ತಿದ್ದುಪಡಿಯಲ್ಲಿ ಬಂದಿದೆ. ಹಾಗಾಗಿ ಮೇಲಿನ ಸಾಲು ಕನ್ನಡ ನಾಲ್ಕಡಿ, ಕೆಳಗಿನ ಸಾಲು ಇಂಗ್ಲಿಷ್ ಎರಡಡಿ, ಎಡಗಡೆ ಹೃದಯ. ಈ ಹೃದಯವನ್ನು ಯಾವ ಭಾಷೆಗೆ ಹಿಡಿಯಬೇಕೆಂಬುದೇ ತಕರಾರು. ಕನ್ನಡಕ್ಕೆ ಹಿಡಿದರೆ ‘ಐ’ಗೆ ಇನ್ನಷ್ಟು ಜಾಗ ಸಿಗುತ್ತದೆ. ಕನ್ನಡ, ದಖನಿ, ಲಂಬಾಣಿ, ಮರಾಠಿ, ತೆಲುಗು ಎಲ್ಲ ಒಂದೇ ಚಹಾದಂಗಡಿಯಲ್ಲಿ ಕಲಸಿಕೊಂಡು ಮಾತಾಡುವ ಊರಿನಲ್ಲಿ ‘ಐ ಲವ್’ ಎಂದು ಯಾರೂ ಯಾರಿಗೂ ಹೇಳಿದ್ದು ಕೇಳಿಲ್ಲ. ಸಲಿಗೆ ಹೆಚ್ಚಾದರೆ ಬೈಯುತ್ತಾರೆ, ಇನ್ನೂ ಹೆಚ್ಚಾದರೆ ಊಟಕ್ಕೆ ಕರೆಯುತ್ತಾರೆ.

ಮೂಲ ಎಲ್ಲಿಯದು ಎನ್ನುವವರಿಗೆ: ಈ ಹೃದಯ ನ್ಯೂಯಾರ್ಕಿನದು. ಊರ ಖಜಾನೆ ದಿವಾಳಿಯ ಅಂಚಿಗೆ ಬಂದಿದ್ದ ಕಾಲದಲ್ಲಿ, 1977ರ ಹೊತ್ತಿಗೆ, ಮಿಲ್ಟನ್ ಗ್ಲೇಸರ್ ಎಂಬ ವಿನ್ಯಾಸಕಾರ ಟ್ಯಾಕ್ಸಿಯಲ್ಲಿ ಕೂತು ಕಾಗದದ ತುಂಡಿನ ಮೇಲೆ ಗೀಚಿ, ಪುಕ್ಕಟೆಯಾಗಿ ಕೊಟ್ಟದ್ದು. ಆಳೆತ್ತರದ ಅಕ್ಷರಗಳನ್ನು ನಿಲ್ಲಿಸಿ ಜಗತ್ತಿಗೆಲ್ಲ ಹುಚ್ಚು ಹಿಡಿಸಿದ್ದು ಆಮ್‌ಸ್ಟರ್‌ಡ್ಯಾಮ್: ಎರಡು ಮೀಟರ್ ಎತ್ತರ, 23.5 ಮೀಟರ್ ಉದ್ದ. ಫೋಟೋದವರ ನೂಕುನುಗ್ಗಲು ಹೆಚ್ಚಾಗಿ, ‘ನಾನು ನಾನು’ ಎನ್ನುವ ಈ ಫಲಕ ಎಲ್ಲರ ಊರಿಗೆ ತಕ್ಕದ್ದಲ್ಲವೆಂದು ನಗರಸಭೆಯಲ್ಲೇ ಮಾತು ಬಂದು, 2018ರ ಡಿಸೆಂಬರಿನಲ್ಲಿ ವಸ್ತುಸಂಗ್ರಹಾಲಯದ ಮುಂದಿದ್ದ ಅಕ್ಷರಗಳನ್ನು ಅವರು ಎತ್ತಿಸಿದರು. ಗಮನಿಸಿ, ಅವರು ಎತ್ತಿಸಿದ್ದು ಅಕ್ಷರಗಳನ್ನು.

ಇನ್ನು ಭಾಗೀದಾರರ ಸಭೆ. ಇದನ್ನು ವಾರದ ನಡುವೆ, ಬೆಳಗ್ಗೆ 11ಕ್ಕೆ, ಏಸಿ ಇರುವ ಹಾಲಿನಲ್ಲಿ ಇಡಬೇಕು. ಕೂಲಿ ಅಡ್ಡಾದಲ್ಲಿ ಬುತ್ತಿ ಹಿಡಿದು ನಿಂತವರನ್ನು 9ರೊಳಗೆ ಮೇಸ್ತ್ರಿ ಕರೆದುಕೊಂಡು ಹೋಗಿರುತ್ತಾನೆ. ಪೌರಕಾರ್ಮಿಕರು ನಸುಕಿನಲ್ಲೇ ಊರು ಗುಡಿಸಿ ದಣಿದಿರುತ್ತಾರೆ. ರೊಟ್ಟಿ ಮಾಡುವವರು ಹಂಚಿನ ಮುಂದೆ. ಉಳಿದವರು ಬಿಸ್ಕಿಟ್ ತಿಂದು ಒಪ್ಪಿಗೆ ಕೊಡುತ್ತಾರೆ. ‘ಸಾರ್ವಜನಿಕರಿಂದ ಯಾವುದೇ ಆಕ್ಷೇಪಣೆ ಬಂದಿರುವುದಿಲ್ಲ’ ಎಂದು ನಡಾವಳಿಯಲ್ಲಿ ಬರೆಯಲು ಇದಕ್ಕಿಂತ ಖಾತ್ರಿಯಾದ ವಿಧಾನ ಈ ತನಕ ಸಿಕ್ಕಿಲ್ಲ. ಲಾಂಛನಕ್ಕೆ ಸ್ಪರ್ಧೆಯನ್ನೂ ಇಡಬಹುದು, ‘ಎಲ್ಲ ನಾಗರಿಕರಿಗೂ ಮುಕ್ತ’. ವೆಕ್ಟರ್ ಕಡತ, 300 ಡಿಪಿಐ, ಜೊತೆಗೆ ಇಂಗ್ಲಿಷಿನಲ್ಲಿ 500 ಪದಗಳ ಪರಿಕಲ್ಪನೆ ಟಿಪ್ಪಣಿ.

ಲಾಂಛನದಲ್ಲಿ ಏನಿರಬೇಕೆಂಬ ಜಗಳ ಬಹಳ ದಿನ ನಡೆಯುತ್ತದೆ. ಕೋಟೆ ಬೇಕು, ಅದರೊಳಗಿನ 1367ರ ಜಾಮಿ ಮಸೀದಿಯ ಕಮಾನು ಬೇಕು, ಶರಣಬಸವೇಶ್ವರ ಗುಡಿಯ ಶಿಖರ ಬೇಕು, ಬಂದೇನವಾಜ್ ದರ್ಗಾದ ಗುಮ್ಮಟ ಬೇಕು, ಬುದ್ಧ ವಿಹಾರ ಬೇಕು, ತೊಗರಿ ಟೊಂಗೆ ಬೇಕೇಬೇಕು. ಯಾವ ಶಿಖರ ಯಾವ ಗುಮ್ಮಟಕ್ಕಿಂತ ಎಷ್ಟು ಮಿಲಿಮೀಟರ್ ಎತ್ತರವಿರಬೇಕೆಂದು ಸ್ಕೇಲು ಹಿಡಿದು ಅಳೆದು ಎಲ್ಲವನ್ನೂ ಒಂದೇ ಗುಂಡಗಿನ ವೃತ್ತದಲ್ಲಿ ತುಂಬಿದರೆ, ವಾಟ್ಸಾಪಿನ ಡಿಪಿ ಗಾತ್ರದಲ್ಲಿ ಅದು ಎಣ್ಣೆಗಾಯಿ ಬದನೆಕಾಯಿಯಂತೆ ಕಾಣುತ್ತದೆ. ಮನುಷ್ಯ ಮಾತ್ರ ಬೇಡ. ಮನುಷ್ಯನನ್ನು ಬರೆದರೆ ತಲೆ ಮೇಲೆ ಏನೋ ಒಂದು ಇಡಬೇಕಾಗುತ್ತದೆ: ರುಮಾಲೋ, ಟೋಪಿಯೋ, ಸೆರಗೋ. ಇಟ್ಟಕೂಡಲೇ ಅವನು ಇಂಥವನಾಗಿಬಿಡುತ್ತಾನೆ, ಅವಳು ಇಂಥವಳಾಗಿಬಿಡುತ್ತಾಳೆ. ಯಾರಿಗೂ ನೋವಾಗಬಾರದೆಂದು ಎಲ್ಲರನ್ನೂ ಬಿಟ್ಟರೆ ಸೌಹಾರ್ದ ಉಳಿಯಿತು.

ಮನುಷ್ಯರಿಗೆ ಗೋಡೆಯ ಮೇಲೆ ಜಾಗವುಂಟು. ಬಂಡಿಗಳನ್ನು ಎಬ್ಬಿಸಿದ ಜಾಗದ ಹಿಂದಿನ ಕಾಂಪೌಂಡಿಗೆ ಎರಡು ಕೈ ಪ್ರೈಮರ್ ಹೊಡೆದು ರೊಟ್ಟಿ ಬಡಿಯುವ ತಾಯಿಯ ಚಿತ್ರ ಬರೆಸುವುದು ವಾಡಿಕೆ. ಚಿತ್ರ ಬರೆಯುವವರು ಹೊರಗಿನವರಾದರೆ ತಾಯಿಯ ಕೈಗೆ ಲಟ್ಟಣಿಗೆ ಕೊಡುತ್ತಾರೆ. ಜೋಳದ ಹಿಟ್ಟನ್ನು ಚಪಾತಿಯಂತೆ ಲಟ್ಟಿಸಲು ಹೋದರೆ ಹರಿದು ಮಣೆಗೆ ಅಂಟುತ್ತದೆ, ಗೋಧಿಯ ಎಳೆತ ಅದಕ್ಕಿಲ್ಲ. ಕುದಿಯುವ ಎಸರು ಹಾಕಿ, ಕೈ ಸುಡುವಂತಿರುವಾಗಲೇ ಅಂಗೈ ಬುಡದಿಂದ ತಿಕ್ಕಿ ತಿಕ್ಕಿ ನಾದಬೇಕು. ಹಿಟ್ಟು ಹಳತಾಗಿದ್ದರೆ ಎಷ್ಟು ನಾದಿದರೂ ಜಿಗಿ ಬರುವುದಿಲ್ಲ, ಅಂಚು ಬಿರಿಯುತ್ತದೆ. ಬಡಿಯುವಾಗ ಒಂದು ಕೈ ತಟ್ಟುತ್ತದೆ, ಇನ್ನೊಂದು ಅಂಚನ್ನು ಕಾಯುತ್ತ ರೊಟ್ಟಿಯನ್ನು ತಿರುಗಿಸುತ್ತದೆ. ಹಂಚಿಗೆ ಹಾಕಿದ ಮೇಲೆ ಮೇಲ್ಮೈಗೆ ನೀರು ಸವರಬೇಕು. ಸವರುವುದು ತಡವಾದರೆ ರೊಟ್ಟಿ ಉಬ್ಬುವುದಿಲ್ಲ. ಗೋಡೆಯ ತಾಯಿ ರೇಷ್ಮೆ ಸೀರೆ ಉಟ್ಟು, ಬೆವರಿಲ್ಲದೆ, ಉಬ್ಬಿದ ರೊಟ್ಟಿಯನ್ನು ಲಟ್ಟಿಸುತ್ತಿರುತ್ತಾಳೆ. ಅದೇ ಗೋಡೆಯ ಬುಡದಲ್ಲಿ ಖಡಕ್ ರೊಟ್ಟಿಯ ಕಟ್ಟು, ಶೇಂಗಾ ಹಿಂಡಿ ಇಟ್ಟು ಮಾರುತ್ತಿದ್ದವಳನ್ನು ಚಿತ್ರ ಮುಚ್ಚಿಹೋಗುತ್ತದೆಂದು ಎಬ್ಬಿಸಿರುತ್ತಾರೆ. ನ್ಯಾಯವಾಗಿ ಹೇಳಬೇಕೆಂದರೆ, ಜಿಲ್ಲಾಡಳಿತ ‘ಕಲಬುರಗಿ ರೊಟ್ಟಿ’ ಎಂಬ ಹೆಸರು ಕೊಟ್ಟು ಸ್ವಸಹಾಯ ಗುಂಪಿನ ಹೆಣ್ಣುಮಕ್ಕಳ ರೊಟ್ಟಿಯನ್ನು ಮಾರುಕಟ್ಟೆಗೆ ತಂದದ್ದು ಬ್ರ್ಯಾಂಡಿನ ಕೆಲಸವನ್ನು ಸರಿಯಾದ ತುದಿಯಿಂದ ಹಿಡಿದದ್ದು. ಅಲ್ಲಿ ಕೈಗೂ ಕಾಸಿಗೂ ಸಂಬಂಧವಿದೆ. ಗೋಡೆಯ ಚಿತ್ರಕ್ಕೆ ಆ ತೊಂದರೆ ಇಲ್ಲ.

ಕೂರಲು ಬೆಂಚು ಬೇಕಲ್ಲ. ಶಹಾಬಾದಿನ ಪರಸಿ ಎಷ್ಟೋ ಊರುಗಳ ಮನೆಯಂಗಳಕ್ಕೆ ಹಾಸಿಹೋಗಿದೆ, ಹಾಗಾಗಿ ಇಲ್ಲಿ ಅದನ್ನು ಬಳಸುವಂತಿಲ್ಲ. ಬಣ್ಣದ ಪೇವರ್, ಗ್ರಾನೈಟ್ ಬೆಂಚು. ಬೆಂಚಿನ ನಡುವೆ ಕಡ್ಡಾಯವಾಗಿ ಒಂದು ಕಬ್ಬಿಣದ ಕೈ, ಇಲ್ಲದಿದ್ದರೆ ರಾತ್ರಿ ಯಾರಾದರೂ ಮಲಗಿಬಿಡುತ್ತಾರೆ. ಅಕ್ಷರ ಕಾಣಲಿ ಎಂದು ಬೇವಿನ ಮರದ ಟೊಂಗೆ ಕಡಿಸಬೇಕು. ಮರುದಿನದಿಂದ ಆ ಬೆಂಚಿನ ಮೇಲೆ ಮಲಗುವುದಿರಲಿ, ಸಂಜೆ ಏಳರ ತನಕ ಅಂಗೈ ಊರಲೂ ಆಗುವುದಿಲ್ಲ. ಪ್ರಚಾರದ ವಿಡಿಯೊವನ್ನು ಡ್ರೋನಿನಲ್ಲೇ ತೆಗೆಸಬೇಕು. 120 ಮೀಟರ್ ಎತ್ತರದಿಂದ ಬಂಡಿಯ ಕೊಡೆಗಳು ಬಣ್ಣದ ಚುಕ್ಕೆಗಳಂತೆ ಚೆಂದ ಕಾಣುತ್ತವೆ. ಎಬ್ಬಿಸುವ ಮುಂಚೆ ಒಂದು ಸಲ ತೆಗೆದಿಟ್ಟುಕೊಂಡರೆ ‘ಜೀವಂತ ಸಂಸ್ಕೃತಿ’ ಎಂಬ ತುಣುಕಿಗೆ ಆಗುತ್ತದೆ.

ಉದ್ಘಾಟನೆಯ ವಿವರ ಎಲ್ಲರಿಗೂ ಗೊತ್ತಿರುವುದೇ, ಬಿಡಿ. ನಿರ್ವಹಣೆಯ ಕರಾರು ಒಂದು ವರ್ಷದ್ದು. ಅದು ಮುಗಿದ ಮೇಲೆ ಮೊದಲು ಹೃದಯ ನಿಲ್ಲುತ್ತದೆ. ಕೆಂಪು ಅಕ್ರಿಲಿಕ್ ಬಿಸಿಲಿಗೆ ಬಿಳಿಚಿ ಆಗಲೇ ಪಿಂಡದಂತಾಗಿರುತ್ತದೆ. ಆಮೇಲೆ ‘ಬು’, ಅದರ ಹೊಟ್ಟೆಯಲ್ಲಿ ನೀರು. ಊರು ಕೆಲವು ದಿನ ‘ಕಲರಗಿ’ ಆಗಿರುತ್ತದೆ, ಆಮೇಲೆ ‘ಕರಗಿ’. ಮೇಲಿನ ಸಾಲು ಪೂರ್ತಿ ಕರಗಿದ ಮೇಲೆ ಕೆಳಗಿನ ಇಂಗ್ಲಿಷ್ ಸಾಲು ಒಂದೊಂದೇ ಅಕ್ಷರ ಕಳೆದುಕೊಳ್ಳುತ್ತ ಬರುತ್ತದೆ. ಪವರ್ ಸಪ್ಲೈ ಬಲಗಡೆ ಇರುವುದರಿಂದ ತಂತಿಯ ದೂರದ ತುದಿ ಮೊದಲು ಮಂಕಾಗುತ್ತದೆ, ಹತ್ತಿರದ ಅಕ್ಷರಗಳು ಕೊನೆಯ ತನಕ ಉಸಿರು ಹಿಡಿಯುತ್ತವೆ. ಕೊನೆಯ ಎರಡಕ್ಷರ ‘ಜಿ’ ಮತ್ತು ‘ಐ’. ಕತ್ತಲಲ್ಲಿ ಅವೆರಡೇ ಉರಿಯುತ್ತಿದ್ದರೆ ತೊಗರಿಗೆ ಬಂದ ಜಿಐ ಊರಿಗೂ ಬಂದಿತೆಂದು ಹೂಡಿಕೆದಾರರು ತಿಳಿಯುವ ಸಾಧ್ಯತೆ ಇದೆ. ತಿದ್ದಬೇಕಾಗಿಲ್ಲ.

ಅಷ್ಟರಲ್ಲಿ ಬುಟ್ಟಿಯವರು ಒಬ್ಬೊಬ್ಬರೇ ಮರಳಿ ಬಂದಿರುತ್ತಾರೆ. ಮೊದಲು ಫಲಕದ ಹಿಂದೆ, ಅಕ್ಷರಗಳ ನೆರಳಿನಲ್ಲಿ, ಆಮೇಲೆ ಮುಂದಕ್ಕೆ. ‘ಜಿ’ಯ ಬೆಳಕಿನಲ್ಲಿ ಬಾರೆಹಣ್ಣು ಆರಿಸಬಹುದು, ‘ಐ’ಗೆ ಕೊಡೆಯ ಹಗ್ಗ ಕಟ್ಟಬಹುದು. ಫಲಕದ ಕಟ್ಟೆ ಎಲ್ಲ ಅಂದಾಜು ಪಟ್ಟಿಗಳಲ್ಲೂ ಒಂದೂವರೆ ಅಡಿ ಎತ್ತರ, ಒಂದೂವರೆ ಅಡಿ ಅಗಲ ಇರುತ್ತದೆ. ಇದು ದೊಡ್ಡ ತಪ್ಪು. ಬುಟ್ಟಿ ಇಡಲು, ತಕ್ಕಡಿ ಇಡಲು, ಗಿರಾಕಿ ಇಲ್ಲದಾಗ ಕೂತು ಕಾಲು ಇಳಿಬಿಡಲು ಅದು ಹೇಳಿ ಮಾಡಿಸಿದ ಅಳತೆ. ಮುಂದಿನ ಟೆಂಡರಿನಲ್ಲಿ ಕಟ್ಟೆಯನ್ನು ಮೂರು ಅಡಿಗೆ ಏರಿಸಿ, ಮೇಲ್ಮೈಗೆ 45 ಡಿಗ್ರಿ ಇಳಿಜಾರು ಕೊಟ್ಟು, ಅದರ ಮೇಲೆ ಆರಿಂಚಿಗೊಂದರಂತೆ ಚೂಪು ಕಲ್ಲು ನೆಡಿಸತಕ್ಕದ್ದು.